ಶಾಲೆಗೆ ಧ್ಯಾನ ತರುವ ಮುನ್ನ: ಯಾವ ದಾರಿ ಯಾವ ಮಕ್ಕಳಿಗೆ

ಮೇ ತಿಂಗಳ ಕೊನೆಯಲ್ಲಿ ವೇಳಾಪಟ್ಟಿ ಬರೆಯಲು ಕುಳಿತಾಗ ಪ್ರತಿ ವರ್ಷವೂ ಅದೇ ಎಳೆದಾಟ. ಗಣಿತಕ್ಕೆ ಇನ್ನೊಂದು ಪೀರಿಯಡ್ ಬೇಕು, ಹತ್ತನೇ ತರಗತಿಗೆ ಸಂಜೆ ವಿಶೇಷ ತರಗತಿ ಬೇಕು, ಆಟದ ಪೀರಿಯಡ್ಡಿಗೆ ಮಾತ್ರ ಕೈ ಹಾಕಬೇಡಿ ಎಂದು ದೈಹಿಕ ಶಿಕ್ಷಕರ ಮೊರೆ. ಈಚೆಗೆ ಆ ಹಾಳೆಯಲ್ಲಿ ಜಾಗ ಕೇಳಿಕೊಂಡು ಧ್ಯಾನವೂ ಬಂದು ನಿಂತಿದೆ. ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ನಾಲ್ಕಾರು ಸಂಸ್ಥೆಗಳ ಕರಪತ್ರಗಳಿರುತ್ತವೆ. ಪೋಷಕರ ಸಭೆಯಲ್ಲಿ ಯಾರಾದರೂ ಎದ್ದು ಕೇಳುತ್ತಾರೆ. ಆಡಳಿತ ಮಂಡಳಿಯ ಸದಸ್ಯರೊಬ್ಬರು ಶಿಬಿರ ಮುಗಿಸಿ ಬಂದ ಸಂತೋಷದಲ್ಲಿ, ‘ನಮ್ಮ ಮಕ್ಕಳಿಗೂ ಇದು ಸಿಗಲೇಬೇಕು’ ಎನ್ನುತ್ತಾರೆ.

ಅನುದಾನಿತ ಪ್ರೌಢಶಾಲೆಯಲ್ಲಿ 24 ವರ್ಷ ವಿಜ್ಞಾನ ಕಲಿಸಿದವಳು ನಾನು. ಕೆಳಗೆ ಹೇಳುವ ದಾರಿಗಳಲ್ಲಿ ಮೂರನ್ನು ನಮ್ಮ ಶಾಲೆಯಲ್ಲೇ ನಡೆಸಿ ನೋಡಿದ್ದೇವೆ, ಉಳಿದವನ್ನು ಓದಿ ತಿಳಿದಿದ್ದೇನೆ. ಈ ಜೂನ್‌ನಲ್ಲಿ ತೀರ್ಮಾನ ತೆಗೆದುಕೊಳ್ಳಬೇಕಾದ ಮುಖ್ಯೋಪಾಧ್ಯಾಯರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು ಮತ್ತು ಪೋಷಕರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮಕ್ಕಳ ಮನಸ್ಸಿನ ಮೇಲೆ ಭಾರವಿದೆ ಎಂಬುದಕ್ಕೆ ಹೊಸ ಸಾಕ್ಷಿ ಬೇಕಿಲ್ಲ. ಎನ್‌ಸಿಇಆರ್‌ಟಿ 2022ರಲ್ಲಿ ಪ್ರಕಟಿಸಿದ ಸಮೀಕ್ಷೆ ಸುಮಾರು 3.79 ಲಕ್ಷ ವಿದ್ಯಾರ್ಥಿಗಳನ್ನು ಮಾತನಾಡಿಸಿತ್ತು. ಓದು, ಪರೀಕ್ಷೆ, ಫಲಿತಾಂಶಗಳೇ ತಮ್ಮ ಆತಂಕದ ಮೂಲವೆಂದು 81 ಶೇಕಡಾ ಮಕ್ಕಳು ಹೇಳಿದರು. ಈ ಅಂಕಿ ಸಿಕ್ಕಿದ ಕೂಡಲೇ ‘ಹಾಗಾದರೆ ಧ್ಯಾನ ಮಾಡಿಸೋಣ’ ಎನ್ನುವವರಿದ್ದಾರೆ. ಆತಂಕಕ್ಕೆ ಕಾರಣ ಪರೀಕ್ಷೆ ಎಂದು ಮಕ್ಕಳೇ ಹೇಳುತ್ತಿರುವಾಗ, ವಾರಕ್ಕೆ ಮೂರು ಕಿರುಪರೀಕ್ಷೆ ಇಟ್ಟು ನಡುವೆ ಐದು ನಿಮಿಷ ಕಣ್ಣು ಮುಚ್ಚಿಸುವುದು ನನಗೆ ನ್ಯಾಯವೆನಿಸುವುದಿಲ್ಲ. ಮೊದಲು ಕಿರುಪರೀಕ್ಷೆಗಳನ್ನು ಎಣಿಸಿ, ಆಮೇಲೆ ಕರಪತ್ರ ಓದಿ.

ಒಂದು ಪದದ ವಿಚಾರ. ‘ಮೈಂಡ್‌ಫುಲ್‌ನೆಸ್’ ಎಂಬುದನ್ನು ಪತ್ರಿಕೆಗಳು ಸಾವಧಾನತೆ, ಅರಿವು, ಎಚ್ಚರ ಎಂದೆಲ್ಲ ಬರೆಯುತ್ತವೆ. ಮಕ್ಕಳಿಗೆ ಹೇಳುವಾಗ ನಾನು ‘ನಿಗಾ’ ಎನ್ನುತ್ತಿದ್ದೆ. ಒಲೆಯ ಮೇಲಿನ ಹಾಲು ಉಕ್ಕದಂತೆ ನಿಗಾ ಇಡು ಎಂದು ಮನೆಯಲ್ಲಿ ಹೇಳುತ್ತಾರಲ್ಲ, ಅದೇ ನಿಗಾವನ್ನು ಈಗ ಉಸಿರಿನ ಮೇಲೆ ಇಡೋಣ ಎಂದರೆ ಎಂಟನೇ ತರಗತಿಯ ಹುಡುಗನಿಗೂ ತಕ್ಷಣ ಅರ್ಥವಾಗುತ್ತದೆ. ಧ್ಯಾನ ಇನ್ನೂ ದೊಡ್ಡ ಪದ. ಮಂತ್ರಜಪ, ಉಸಿರನ್ನು ಗಮನಿಸುವುದು, ಮಾರ್ಗದರ್ಶಕರ ದನಿ ಕೇಳುತ್ತಾ ವಿಶ್ರಮಿಸುವುದು ಎಲ್ಲವೂ ಅದರೊಳಗೆ ಬರುತ್ತವೆ. ನಿಮ್ಮ ಮುಂದಿರುವುದು ಇವುಗಳಲ್ಲಿ ಯಾವುದು ಎಂದು ಕೇಳದೆ ಒಪ್ಪಿಗೆ ಕೊಡಬೇಡಿ.

ಮೊದಲ ಅಳತೆಗೋಲು

ದಾರಿಗಳನ್ನು ಹೋಲಿಸಲು ಖರ್ಚು, ಸಮಯ, ತರಬೇತಿ ಎಂದು ಹತ್ತು ಅಳತೆಗೋಲು ಹಿಡಿಯಬಹುದು. ನಾನು ಒಂದನ್ನು ಎಲ್ಲಕ್ಕಿಂತ ಮುಂದೆ ಇಡುತ್ತೇನೆ. ಅದನ್ನು ಕಲಿಸಿದವಳು ಒಂಬತ್ತನೇ ತರಗತಿಯ ಒಬ್ಬ ಹುಡುಗಿ.

ಹೊರಗಿನ ಸಂಸ್ಥೆಯೊಂದರ ತರಬೇತುದಾರರು ಅಂದು ಬಂದಿದ್ದರು. ಸಭಾಂಗಣದಲ್ಲಿ ಎರಡು ವಿಭಾಗ ಸೇರಿ ನೂರಕ್ಕೂ ಹೆಚ್ಚು ಮಕ್ಕಳು. ‘ಕಣ್ಣು ಮುಚ್ಚಿ’ ಎಂದರು, ಎಲ್ಲರೂ ಮುಚ್ಚಿದರು. ಅವಳು ತೆರೆದಳು. ಹತ್ತಿರ ಹೋಗಿ ‘ಮುಚ್ಚಮ್ಮ’ ಎಂದರು. ಮುಚ್ಚಿದಳು, ಮತ್ತೆ ತೆರೆದಳು. ಮೂರನೆಯ ಸಲ ಹೇಳಿದಾಗ ಎದ್ದು ಹೊರಗೆ ಓಡಿದಳು. ನೀರಿನ ತೊಟ್ಟಿಯ ಹತ್ತಿರ ನಾನು ಹೋಗಿ ನೋಡಿದಾಗ ಅವಳ ಕೈ ನಡುಗುತ್ತಿತ್ತು. ಸುಮಾರು ದಿನಗಳ ನಂತರ ಒಂದೇ ವಾಕ್ಯದಲ್ಲಿ ಹೇಳಿದಳು: ‘ಕಣ್ಣು ಮುಚ್ಚಿ ಸುಮ್ಮನೆ ಕೂತರೆ ಮನೆಯ ರಾತ್ರಿಗಳೇ ಬರುತ್ತವೆ ಮೇಡಂ.’

ಆ ತರಬೇತುದಾರರು ಕೆಟ್ಟವರಲ್ಲ, ತಮಗೆ ಒಳಿತು ಮಾಡಿದ್ದನ್ನು ಹಂಚಲು ಬಂದವರು. ಆದರೆ ಕಣ್ಣು ತೆರೆದಿರುವ ಮಗುವಿಗೆ ಏನು ಹೇಳಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಅಂದಿನಿಂದ ಯಾವ ಕಾರ್ಯಕ್ರಮ ಬಂದರೂ ನನ್ನ ಮೊದಲ ಪ್ರಶ್ನೆ ಇದೇ: ಮಗು ಬೇಡ ಎಂದರೆ ಏನು ಮಾಡುತ್ತೀರಿ? ‘ಕಣ್ಣು ತೆರೆದೇ ಇರಬಹುದು, ಕಿಟಕಿಯ ಹೊರಗೆ ನೋಡಬಹುದು, ಚಿತ್ರ ಬರೆಯಬಹುದು, ಎದ್ದು ಹೋಗಬಹುದು, ಆಮೇಲೆ ನಮ್ಮಲ್ಲೊಬ್ಬರು ಅವಳ ಜೊತೆ ಕೂರುತ್ತೇವೆ’ ಎಂಬ ಉತ್ತರ ಬಂದರೆ ಮಾತು ಮುಂದುವರಿಸಿ. ‘ಹಾಗೆ ಯಾರೂ ಹೇಳುವುದೇ ಇಲ್ಲ’ ಎಂದರೆ ಚಹಾ ಕೊಟ್ಟು ಕಳುಹಿಸಿ.

ಪ್ರಾರ್ಥನೆಯ ನಂತರದ ಐದು ನಿಮಿಷ

ಎಲ್ಲಕ್ಕಿಂತ ಸರಳವಾದ ದಾರಿ ಇದು. ನಾಡಗೀತೆ, ಪತ್ರಿಕೆಯ ಮುಖ್ಯಾಂಶ, ದಿನದ ನುಡಿ ಮುಗಿದ ಮೇಲೆ ಮಕ್ಕಳು ತರಗತಿಗೆ ಹೋಗಿ ಬೆಂಚಿನ ಮೇಲೆ ಕೂತು ಐದು ನಿಮಿಷ ಸುಮ್ಮನಿರುವುದು. ದುಡ್ಡು ಬೇಡ, ಹೊರಗಿನವರು ಬೇಡ, ಪುಸ್ತಕ ಬೇಡ.

2022ರ ನವೆಂಬರಿನಲ್ಲಿ ಅಂದಿನ ಶಿಕ್ಷಣ ಸಚಿವ ಬಿ.ಸಿ. ನಾಗೇಶ್ ಅವರು ರಾಜ್ಯದ ಶಾಲೆಗಳಲ್ಲಿ ದಿನಕ್ಕೆ 10 ನಿಮಿಷ ಧ್ಯಾನ ಮಾಡಿಸುವ ವಿಚಾರ ಮುಂದಿಟ್ಟಾಗ ಪರವೂ ವಿರೋಧವೂ ಜೋರಾಗಿಯೇ ಎದ್ದವು. ಕೊಠಡಿ, ಶಿಕ್ಷಕರೇ ಇಲ್ಲದ ಕಡೆ ಇದೇಕೆ ಎಂದು ಕೇಳಿದವರ ಮಾತಿನಲ್ಲಿ ಹುರುಳಿತ್ತು. ಆದರೆ ಆ ಗದ್ದಲದಲ್ಲಿ ಒಂದು ಸಣ್ಣ ಸಂಗತಿ ಮರೆಯಾಯಿತು. ಮೌನಕ್ಕೆ ಕಟ್ಟಡ ಬೇಕಿಲ್ಲ, ಆದರೆ ಅದನ್ನು ನಡೆಸುವವರ ದನಿ ಸರಿಯಿರಬೇಕು. ನಮ್ಮಲ್ಲಿ ಒಂದು ವಿಭಾಗದಲ್ಲಿ ಅದು ನಿಂತಿತು, ಪಕ್ಕದ ವಿಭಾಗದಲ್ಲಿ ಎರಡೇ ವಾರದಲ್ಲಿ ‘ಮಾತನಾಡಬೇಡಿ’ ಎಂಬ ಗದರಿಕೆಯಾಗಿ ಮಾರ್ಪಟ್ಟಿತು. ಮೊದಲ ವಿಭಾಗದ ಕನ್ನಡ ಮೇಷ್ಟ್ರು ತಾವೂ ಕುರ್ಚಿಯಲ್ಲಿ ಕೂತು ಸುಮ್ಮನಿರುತ್ತಿದ್ದರು. ಎರಡನೆಯ ವಿಭಾಗದಲ್ಲಿ ಆ ಐದು ನಿಮಿಷ ಹಾಜರಾತಿ ತುಂಬುವ ಹೊತ್ತಾಗಿತ್ತು. ಮೇಷ್ಟ್ರು ಮಾಡದ್ದನ್ನು ಮಕ್ಕಳು ಮಾಡುವುದಿಲ್ಲ.

ಲೆಕ್ಕ ಹಾಕಿ ನೋಡಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ 220 ಕೆಲಸದ ದಿನಗಳು. ದಿನಕ್ಕೆ ಐದು ನಿಮಿಷವೆಂದರೆ ವರ್ಷಕ್ಕೆ ಸುಮಾರು 18 ಗಂಟೆ. ಕಡಿಮೆಯೇನಲ್ಲ. ಇದರಿಂದ ತರಗತಿ ತಣ್ಣಗಾಗುತ್ತದೆ, ಮೊದಲ ಪೀರಿಯಡ್ ಸಲೀಸಾಗಿ ಶುರುವಾಗುತ್ತದೆ. ಖಿನ್ನತೆ ಹೋಗುತ್ತದೆ, ಅಂಕ ಏರುತ್ತದೆ ಎಂದು ಮಾತ್ರ ಪೋಷಕರಿಗೆ ಹೇಳಬೇಡಿ.

ಹೊರಗಿನ ಸಂಸ್ಥೆ ಬಂದು ಕಲಿಸುವ ಧ್ಯಾನ

ಕರ್ನಾಟಕದಲ್ಲಿ ಇದಕ್ಕೆ ಕೊರತೆಯಿಲ್ಲ. ಬೆಂಗಳೂರಿನ ಕನಕಪುರ ರಸ್ತೆಯ ಆರ್ಟ್ ಆಫ್ ಲಿವಿಂಗ್, ಹಾರ್ಟ್‌ಫುಲ್‌ನೆಸ್, ಬ್ರಹ್ಮಕುಮಾರಿಯರು, ಗೋಯೆಂಕಾ ಪರಂಪರೆಯ ವಿಪಶ್ಯನಾ ಕೇಂದ್ರಗಳು ಎಲ್ಲವೂ ಮಕ್ಕಳನ್ನು ಒಂದಲ್ಲ ಒಂದು ರೀತಿಯಲ್ಲಿ ತಲುಪುತ್ತವೆ. ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪು. ಮಕ್ಕಳಿಗೆ ಕಲಿಸುವುದೇನು ಎಂದು ನೋಡಬೇಕು.

ವಿಪಶ್ಯನಾ ಪರಂಪರೆಯಲ್ಲಿ ಮಕ್ಕಳಿಗೆ ಕೊಡುವುದು ಆನಾಪಾನ. ಮೂಗಿನ ಹೊಳ್ಳೆಯಲ್ಲಿ ಬಂದು ಹೋಗುವ ಸಹಜ ಉಸಿರನ್ನು ಗಮನಿಸುವುದಷ್ಟೇ. ಮಂತ್ರವಿಲ್ಲ, ದೇವರ ಹೆಸರಿಲ್ಲ, ಕಲ್ಪಿಸಿಕೊಳ್ಳಬೇಕಾದ ಮೂರ್ತಿಯಿಲ್ಲ, ಶುಲ್ಕವೂ ಇಲ್ಲ. ತುಮಕೂರು ರಸ್ತೆಯ ಆಲೂರಿನಲ್ಲಿರುವ ಧಮ್ಮ ಪಫುಲ್ಲ ಕೇಂದ್ರ ಬೆಂಗಳೂರಿನವರಿಗೆ ಹತ್ತಿರದ್ದು. ಬೇರೆ ಬೇರೆ ಧರ್ಮದ ಮಕ್ಕಳಿರುವ ಶಾಲೆಗೆ ಈ ವಿಧಾನ ಹೊಂದುತ್ತದೆ. ಇದರ ಸೊಗಸು ಇದರ ಬಡತನದಲ್ಲೇ ಇದೆ, ಉಸಿರಲ್ಲದೆ ಬೇರೇನನ್ನೂ ಅದು ಮಗುವಿನ ಮುಂದೆ ಇಡುವುದಿಲ್ಲ.

ಮಂತ್ರವನ್ನು ಆಧರಿಸಿದ ಭಾವಾತೀತ ಧ್ಯಾನದ ಕತೆ ಬೇರೆ, ಎಚ್ಚರಿಕೆಯನ್ನೂ ಕಲಿಸುವಂಥದ್ದು. ಅಮೆರಿಕದ ನ್ಯೂಜೆರ್ಸಿಯ ಸಾರ್ವಜನಿಕ ಶಾಲೆಗಳಲ್ಲಿ ಇದನ್ನು ಪಾಠವಾಗಿ ಕಲಿಸುತ್ತಿದ್ದರು. ಮಂತ್ರ ಕೊಡುವ ಮೊದಲು ನಡೆಯುವ ಪೂಜೆಯನ್ನು ಪರಿಶೀಲಿಸಿದ ನ್ಯಾಯಾಲಯ ಇದು ಧಾರ್ಮಿಕ ಬೋಧನೆಯೇ ಎಂದು ತೀರ್ಪು ಕೊಟ್ಟಿತು. ಮೇಲ್ಮನವಿಯ ನ್ಯಾಯಾಲಯ 1979ರಲ್ಲಿ ಅದನ್ನೇ ಎತ್ತಿಹಿಡಿಯಿತು. ಅದೇ ಧ್ಯಾನ ದಶಕಗಳ ನಂತರ ‘ಕ್ವೈಟ್ ಟೈಮ್’ ಎಂಬ ಹೆಸರಿನಲ್ಲಿ, ದಿನಕ್ಕೆ ಎರಡು ಬಾರಿ 15 ನಿಮಿಷದಂತೆ, ಚಿತ್ರನಿರ್ದೇಶಕ ಡೇವಿಡ್ ಲಿಂಚ್ ಅವರ ಪ್ರತಿಷ್ಠಾನದ ನೆರವಿನಿಂದ ಶಾಲೆಗಳಿಗೆ ಮರಳಿತು. ಸ್ಯಾನ್ ಫ್ರಾನ್ಸಿಸ್ಕೋದ ಕೆಲವು ಶಾಲೆಗಳು ಅದನ್ನು ಮೆಚ್ಚಿಕೊಂಡವು. ಶಿಕಾಗೋದಲ್ಲಿ ಮಾತ್ರ, ತನಗೆ ಒಪ್ಪಿಗೆಯಿಲ್ಲದ ಧಾರ್ಮಿಕ ವಿಧಿಯೊಳಗೆ ಎಳೆದರೆಂದು ಹಳೆಯ ವಿದ್ಯಾರ್ಥಿನಿಯೊಬ್ಬಳು ಮೊಕದ್ದಮೆ ಹೂಡಿದಳು. 2023ರಲ್ಲಿ ಶಿಕ್ಷಣ ಮಂಡಳಿ ಮತ್ತು ಪ್ರತಿಷ್ಠಾನ ಒಟ್ಟು 1,50,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡವು.

ಅಮೆರಿಕದ ಜಗಳ ನಮಗೇಕೆ ಎನ್ನಬೇಡಿ. ನಮ್ಮ ಸಂವಿಧಾನದ 28ನೇ ವಿಧಿಯೂ ಇದನ್ನೇ ಹೇಳುತ್ತದೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಕೂಡದು. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಅಂಥ ಬೋಧನೆಗೆ, ಪೂಜೆಗೆ ಕೂರಿಸಕೂಡದು. ಕಾನೂನಿಗಿಂತ ಮೊದಲು ಮರ್ಯಾದೆಯ ಮಾತೂ ಇದೆ. ಕೊನೆಯ ಬೆಂಚಿನ ರೇಷ್ಮಾ, ಜೋಸೆಫ್ ಇಬ್ಬರೂ ತುಟಿ ಮಾತ್ರ ಆಡಿಸುತ್ತಾ ಕೂರುವ ಐದು ನಿಮಿಷದಿಂದ ಅವರ ಮನಸ್ಸಿಗೆ ಯಾವ ನೆಮ್ಮದಿ? ಸಂಸ್ಥೆಯವರು ಬಂದಾಗ ಗುರುಗಳ ಭಾವಚಿತ್ರ, ದೀಪ, ಜಯಘೋಷ, ‘ಮುಂದಿನ ಶಿಬಿರಕ್ಕೆ ಪೋಷಕರು ಬನ್ನಿ’ ಎಂಬ ಆಹ್ವಾನ ಇವೆಲ್ಲ ಶಾಲೆಯ ಗೇಟಿನ ಹೊರಗೇ ಉಳಿಯುತ್ತವೆಯೇ ಎಂದು ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಇದರಲ್ಲಿ ಅವರಿಗೆ ಅವಮಾನವೇನಿಲ್ಲ. ಒಳ್ಳೆಯ ಸಂಸ್ಥೆಗಳು ಸಂತೋಷದಿಂದ ಒಪ್ಪುತ್ತವೆ.

ಈ ದಾರಿಯ ದೊಡ್ಡ ದೋಷ ಇನ್ನೊಂದಿದೆ. ತರಬೇತುದಾರರು ಮೂರು ದಿನ ಇರುತ್ತಾರೆ, ನಾಲ್ಕನೆಯ ದಿನ ಹೋಗುತ್ತಾರೆ. ಆ ಮೂರು ದಿನಗಳಲ್ಲಿ ಏನಾದರೂ ಕಲಕಿಹೋದ ಮಗು ನಾಲ್ಕನೆಯ ದಿನವೂ ಶಾಲೆಗೆ ಬರುತ್ತದೆ.

ಪಾಠಪುಸ್ತಕವಿರುವ ಮೈಂಡ್‌ಫುಲ್‌ನೆಸ್

ಮೂರನೆಯದು ಪಠ್ಯಕ್ರಮದ ದಾರಿ. ಬೆಂಗಳೂರಿನ ದುಬಾರಿ ಖಾಸಗಿ ಶಾಲೆಗಳನ್ನು ಹೆಚ್ಚಾಗಿ ಸೆಳೆಯುವುದು ಇದೇ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಟ್-ಜಿನ್ 1979ರಲ್ಲಿ ಆರಂಭಿಸಿದ, ಎಂಟು ವಾರಗಳ ಒತ್ತಡ ನಿವಾರಣಾ ಕ್ರಮ ಇಂಥ ಪಾಠಗಳಿಗೆ ಮೂಲ. ಅದು ದೀರ್ಘಕಾಲದ ನೋವಿನಿಂದ ಬಳಲುವ ದೊಡ್ಡವರಿಗೆಂದು ಹುಟ್ಟಿದ್ದು, ತಾವಾಗಿಯೇ ಬಂದು ಹೆಸರು ಬರೆಸಿಕೊಂಡವರಿಗೆ ಕಲಿಸುತ್ತಿದ್ದದ್ದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಮೆರಿಕದಲ್ಲಿ ನಟಿ ಗೋಲ್ಡಿ ಹಾನ್ ಅವರ ಪ್ರತಿಷ್ಠಾನ ರೂಪಿಸಿದ ಮೈಂಡ್‌ಅಪ್‌ನಲ್ಲಿ 15 ಪಾಠಗಳಿವೆ. ಮಿದುಳಿನ ಭಾಗಗಳ ಪರಿಚಯದಿಂದ ಶುರುವಾಗಿ, ಉಸಿರನ್ನು ಗಮನಿಸುವ ಚಿಕ್ಕ ವಿರಾಮಗಳ ಮೂಲಕ ಸಾಗಿ, ಕೃತಜ್ಞತೆ ಮತ್ತು ಇನ್ನೊಬ್ಬರಿಗೆ ನೆರವಾಗುವುದರ ಕಡೆ ಹೋಗುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ನಾಲ್ಕು ಮತ್ತು ಐದನೇ ತರಗತಿಯ 99 ಮಕ್ಕಳ ಮೇಲೆ ನಡೆದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಳ್ಳೆಯ ಫಲಿತಾಂಶ ಕಂಡಿತು. ಮಾರಾಟದ ಕಡತಗಳಲ್ಲಿ ನಿಮಗೆ ಕಾಣಸಿಗುವುದು ಇಂಥ ಅಧ್ಯಯನಗಳು.

ಇನ್ನೊಂದು ಅಧ್ಯಯನದ ಬಗ್ಗೆ ಕೊಂಚ ನಿಧಾನವಾಗಿ ಹೇಳಬೇಕು. ಬ್ರಿಟನ್ನಿನ ‘ಡಾಟ್ ಬಿ’ ಎಂಬ ಹತ್ತು ಪಾಠಗಳ ಕ್ರಮವನ್ನು ಆಕ್ಸ್‌ಫರ್ಡಿನ ವಿಲ್ಲೆಮ್ ಕೈಕನ್ ಮತ್ತವರ ಸಂಗಡಿಗರು ‘ಮಿರಿಯಡ್’ ಎಂಬ ಯೋಜನೆಯಲ್ಲಿ ಒರೆಗೆ ಹಚ್ಚಿದರು. 85 ಶಾಲೆಗಳು, 11ರಿಂದ 13 ವರ್ಷದ 8,376 ಮಕ್ಕಳು. ಚೀಟಿ ಎತ್ತಿದಂತೆ ಕೆಲವು ಶಾಲೆಗಳಿಗೆ ಮೈಂಡ್‌ಫುಲ್‌ನೆಸ್ ಪಾಠ ಸಿಕ್ಕಿತು, ಉಳಿದವು ತಾವು ಎಂದಿನಂತೆ ನಡೆಸುತ್ತಿದ್ದ ಭಾವನಾತ್ಮಕ ಶಿಕ್ಷಣವನ್ನೇ ಮುಂದುವರಿಸಿದವು. 2022ರಲ್ಲಿ ಫಲಿತಾಂಶ ಬಂತು: ಖಿನ್ನತೆಯ ಅಪಾಯ, ಮಕ್ಕಳ ನಡವಳಿಕೆ, ನೆಮ್ಮದಿ ಇವುಗಳಲ್ಲಿ ಹೊಸ ಪಾಠ ಹಳೆಯದಕ್ಕಿಂತ ಮೇಲಾಗಿರಲಿಲ್ಲ. ಮೊದಲೇ ಮಾನಸಿಕ ತೊಂದರೆಯ ಅಂಚಿನಲ್ಲಿದ್ದ ಮಕ್ಕಳಿಗೆ ಕೆಲವು ಅಳತೆಗಳಲ್ಲಿ ತುಸು ಹಿನ್ನಡೆಯೇ ಆದಂತೆ ಕಂಡಿತು. ನಮ್ಮ ಸಭಾಂಗಣದಿಂದ ಓಡಿಹೋದ ಹುಡುಗಿ ಮತ್ತೆ ನೆನಪಾದಳು.

ಹೀಗೇಕಾಯಿತು? ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಲಿಲ್ಲ. ದೊಡ್ಡವರು ತಾವಾಗಿಯೇ ಹೋಗಿ ಕಲಿಯುತ್ತಿದ್ದದ್ದನ್ನು ಇಲ್ಲಿ ಹನ್ನೆರಡು ವರ್ಷದ ಮಗುವಿಗೆ ಪೀರಿಯಡ್ ಆಗಿ ಕೊಟ್ಟರು, ಮಗು ಅದನ್ನು ಇನ್ನೊಂದು ಪೀರಿಯಡ್ ಆಗಿಯೇ ತೆಗೆದುಕೊಂಡಿತು. ಈ ಅಧ್ಯಯನದಿಂದ ಇನ್ನೊಂದು ಸಂಗತಿಯೂ ಹೊರಬಂತು, ನಮ್ಮ ಪತ್ರಿಕೆಗಳಲ್ಲಿ ಅದಕ್ಕೆ ಸಿಗಬೇಕಾದ ಜಾಗ ಸಿಗಲಿಲ್ಲ. ಪಾಠ ಕಲಿಸಲೆಂದು ಮೊದಲು ತಾವೇ ಅಭ್ಯಾಸ ಮಾಡಿದ ಶಿಕ್ಷಕರ ದಣಿವು ಇಳಿದಿತ್ತು, ಶಾಲೆಯ ಒಟ್ಟು ವಾತಾವರಣವೂ ಕೆಲಕಾಲ ಸುಧಾರಿಸಿತ್ತು.

ನನ್ನ ಅಭಿಪ್ರಾಯ ನೇರವಾಗಿದೆ. ಈ ದಾರಿಗೆ ಹಣವಿದ್ದರೆ ಮೊದಲ ವರ್ಷ ಅದನ್ನು ಶಿಕ್ಷಕರಿಗೆ ಖರ್ಚು ಮಾಡಿ. ಅವರಿಗೂ ಬೇಡವೆನ್ನುವ ಹಕ್ಕಿರಲಿ. ಜನಗಣತಿ, ಚುನಾವಣೆ, ಮೊಟ್ಟೆಯ ಲೆಕ್ಕ, ಆನ್‌ಲೈನ್ ನಮೂದುಗಳ ನಡುವೆ ಸಿಕ್ಕಿಕೊಂಡ ಶಿಕ್ಷಕಿ ಹತ್ತು ನಿಮಿಷ ಯಾರ ತಂಟೆಯೂ ಇಲ್ಲದೆ ಕೂರಲು ಸಾಧ್ಯವಾದರೆ ಮಧ್ಯಾಹ್ನದ ಪೀರಿಯಡ್ಡಿನಲ್ಲಿ ಅವಳ ದನಿ ಬದಲಾಗಿರುತ್ತದೆ.

ದೆಹಲಿಯ ದಾರಿ

ದೆಹಲಿ ಸರ್ಕಾರ 2018ರ ಜುಲೈನಲ್ಲಿ ದಲೈ ಲಾಮಾ ಅವರ ಸಮ್ಮುಖದಲ್ಲಿ ‘ಹ್ಯಾಪಿನೆಸ್’ ಪಠ್ಯಕ್ರಮ ಆರಂಭಿಸಿತು. ನರ್ಸರಿಯಿಂದ ಎಂಟನೇ ತರಗತಿಯವರೆಗೆ, ಸರ್ಕಾರಿ ಶಾಲೆಗಳಲ್ಲಿ. ಅದನ್ನು ರೂಪಿಸುವುದರಲ್ಲಿ ಬೆಂಗಳೂರಿನ ಡ್ರೀಮ್ ಎ ಡ್ರೀಮ್ ಸಂಸ್ಥೆಯೂ ಕೈಜೋಡಿಸಿತ್ತು, 1999ರಿಂದ ಇಲ್ಲಿಯ ಮಕ್ಕಳೊಂದಿಗೆ ಜೀವನ ಕೌಶಲಗಳ ಕೆಲಸ ಮಾಡಿದ ಅನುಭವ ಅದರದು.

ಇದು ನನಗೆ ಇಷ್ಟವಾಗುವುದಕ್ಕೆ ಕಾರಣ, ಧ್ಯಾನ ಇಲ್ಲಿ ಒಂಟಿಯಾಗಿ ಬರುತ್ತಿರಲಿಲ್ಲ. ತರಗತಿ ಶುರುವಾಗುತ್ತಿದ್ದದ್ದು ಕೆಲವು ನಿಮಿಷಗಳ ಮೌನದಿಂದ. ನಂತರ ಕತೆಯೊಂದನ್ನು ಹೇಳಿ, ‘ನೀನಾಗಿದ್ದರೆ ಏನು ಮಾಡುತ್ತಿದ್ದೆ?’ ಎಂದು ಕೇಳುತ್ತಿದ್ದರು. ಕೆಲವು ದಿನ ಚಟುವಟಿಕೆ, ಕೆಲವು ದಿನ ಮಕ್ಕಳು ತಮಗನಿಸಿದ್ದನ್ನು ಹೇಳುವುದು. ಪರೀಕ್ಷೆಯಿರಲಿಲ್ಲ, ಅಂಕವಿರಲಿಲ್ಲ. ಸುಮ್ಮನೆ ಕೂತಾಗ ಎದ್ದ ಭಾವನೆಗೆ ಮಾತು ಸಿಗುವ ಜಾಗ ಅದರ ಬೆನ್ನಿಗೇ ಇತ್ತು. ನಮ್ಮ ಮಕ್ಕಳಿಗೆ ‘ಹೇಗಿದ್ದೀಯ?’ ಎಂದರೆ ‘ಚೆನ್ನಾಗಿದ್ದೀನಿ’ ಎಂಬ ಒಂದೇ ಉತ್ತರ ಗೊತ್ತು. ಬೇಸರ, ಮುನಿಸು, ಕಸಿವಿಸಿ, ದಿಗಿಲು, ನಾಚಿಕೆ, ಅಳುಕು ಎಂದು ಒಂದೊಂದಕ್ಕೂ ಒಂದು ಪದ ಇಟ್ಟುಕೊಂಡ ಭಾಷೆ ನಮ್ಮದು. ನಾನೊಮ್ಮೆ ಈ ಪದಗಳನ್ನು ಹಲಗೆಯ ಮೇಲೆ ಬರೆದು ಇವತ್ತು ನಿಮ್ಮದು ಯಾವುದು ಎಂದಾಗ, ಹುಡುಗನೊಬ್ಬ ‘ಕಸಿವಿಸಿ’ಯ ಕೆಳಗೆ ಗೆರೆ ಎಳೆದು ವಾರವಿಡೀ ಅದನ್ನೇ ಎಳೆದ. ಐದನೆಯ ದಿನ ಕೇಳಿದೆ, ಹೇಳಿದ.

ಖರ್ಚು ಸಮಯದ್ದು. ದಿನಕ್ಕೆ 35 ನಿಮಿಷದ ಪೀರಿಯಡ್ ಎಂದರೆ 220 ದಿನಗಳಿಗೆ ಸುಮಾರು 128 ಗಂಟೆ. ಕರ್ನಾಟಕದ ಒಂದು ಶಾಲೆ ತಾನಾಗಿಯೇ ಇಷ್ಟು ಸಮಯ ತೆಗೆಯುವುದು ಕಷ್ಟ. ವಾರಕ್ಕೆ ಒಂದು ಪೀರಿಯಡ್, ಅದೂ ಶನಿವಾರ ಬೆಳಿಗ್ಗೆ, ಸಾಧ್ಯ. ಮೌಲ್ಯಶಿಕ್ಷಣವೆಂದು ಹೆಸರಿಗೆ ಇದ್ದು ಗಣಿತದ ಪಾಲಾಗುವ ಪೀರಿಯಡ್ ಹೆಚ್ಚಿನ ಶಾಲೆಗಳಲ್ಲಿದೆ, ಅದನ್ನೇ ಮರಳಿ ಪಡೆಯಿರಿ.

ಯೋಗ ಮತ್ತು ಪ್ರಾಣಾಯಾಮ

ಬೇಗ ಹೇಳಿ ಮುಗಿಸಬಹುದಾದ ದಾರಿ, ಏಕೆಂದರೆ ನಿಮ್ಮಲ್ಲಿ ಈಗಾಗಲೇ ಇದೆ. ಜೂನ್ 21ಕ್ಕೆ ಚಾಪೆ ಹಾಸಿ ಮರುದಿನ ಸುತ್ತಿಡುವ ಬದಲು ವಾರಕ್ಕೆರಡು ದಿನ ಮಾಡಿಸಿ. ಸುಮ್ಮನೆ ಕೂರಲಾಗದ ಮಕ್ಕಳಿಗೆ, ಅದರಲ್ಲೂ ಐದರಿಂದ ಏಳನೇ ತರಗತಿಯವರಿಗೆ, ಮೈ ಆಡಿಸಿದ ಮೇಲಿನ ವಿಶ್ರಾಂತಿಯೇ ಧ್ಯಾನದ ಒಳ್ಳೆಯ ಬಾಗಿಲು. ಜಿಗಣಿಯ ಎಸ್-ವ್ಯಾಸ ವಿಶ್ವವಿದ್ಯಾಲಯ ರೂಪಿಸಿದ ಆವರ್ತನ ಧ್ಯಾನದ ತತ್ವವೂ ಇದೇ, ಆಸನ ಮತ್ತು ವಿಶ್ರಾಂತಿಯನ್ನು ಒಂದಾದ ಮೇಲೊಂದು ಹೆಣೆಯುವುದು.

ಒಂದು ಎಚ್ಚರಿಕೆ. ಕಪಾಲಭಾತಿ, ಭಸ್ತ್ರಿಕಾದಂಥ ರಭಸದ ಉಸಿರಾಟವನ್ನು ಇಡೀ ತರಗತಿಗೆ ಮಾಡಿಸಬೇಡಿ. ಜೋರಾಗಿ, ವೇಗವಾಗಿ ಉಸಿರಾಡುವುದು ಕೆಲವು ಮಕ್ಕಳಲ್ಲಿ ಮೂರ್ಛೆರೋಗದ ಸೆಳೆತವನ್ನು ಕೆರಳಿಸಬಲ್ಲದು. ಆಸ್ತಮಾ ಇರುವವರಿಗೆ ಉಸಿರು ಕಟ್ಟಿ ಹಿಡಿಯುವುದು ಒಗ್ಗದು. ನಿಧಾನವಾಗಿ ಒಳಗೆ, ಇನ್ನೂ ನಿಧಾನವಾಗಿ ಹೊರಗೆ, ಇಷ್ಟು ಸಾಕು.

ಕೇಳಿಸಿಕೊಳ್ಳುವ ಒಬ್ಬರು

ಆರನೆಯ ದಾರಿಯಲ್ಲಿ ಧ್ಯಾನವೇ ಇಲ್ಲ. ಆದರೂ ಈ ಹೋಲಿಕೆಯಲ್ಲಿ ಅದನ್ನು ಸೇರಿಸದಿದ್ದರೆ ನಾನು ನಿಮಗೆ ಮೋಸ ಮಾಡಿದಂತೆ.

ಬಿಹಾರದ ನಳಂದಾ ಜಿಲ್ಲೆಯ 74 ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಂಗಾತ್ ಸಂಸ್ಥೆ ಮತ್ತು ಸಂಗಡಿಗರು ‘ಸೆಹರ್’ ಎಂಬ ಪ್ರಯೋಗ ಮಾಡಿದರು. ಫಲಿತಾಂಶ 2018ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕೆಲವು ಶಾಲೆಗಳಿಗೆ ಒಬ್ಬೊಬ್ಬ ಆಪ್ತಸಮಾಲೋಚಕರನ್ನು ಕೊಟ್ಟರು. ಅವರು ಮನೋವೈದ್ಯರೂ ಅಲ್ಲ, ಮನಃಶಾಸ್ತ್ರದ ಪದವೀಧರರೂ ಅಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಇನ್ನು ಕೆಲವು ಶಾಲೆಗಳಲ್ಲಿ ಅದೇ ಕೆಲಸವನ್ನು ಇದ್ದ ಶಿಕ್ಷಕರೊಬ್ಬರ ಹೆಗಲಿಗೆ ಹಾಕಿದರು. ಮಾಡಿದ್ದು ಸರಳ ಕೆಲಸಗಳು: ಮಕ್ಕಳು ಚೀಟಿ ಹಾಕುವ ಪೆಟ್ಟಿಗೆ, ಗೋಡೆಪತ್ರಿಕೆ, ಗುಂಪು ಚರ್ಚೆ, ಪೀಡನೆಯ ವಿರುದ್ಧ ನಿಯಮ, ಬೇಕೆಂದವರಿಗೆ ಒಬ್ಬೊಬ್ಬರಾಗಿ ಮಾತುಕತೆ. ಸಮಾಲೋಚಕರಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು. ಖಿನ್ನತೆಯ ಲಕ್ಷಣ, ಪೀಡನೆ, ಹೊಡೆದಾಟ ಇಳಿದವು. ಶಿಕ್ಷಕರಿಗೆ ಹೆಚ್ಚುವರಿ ಹೊಣೆಯಾಗಿ ಕೊಟ್ಟ ಶಾಲೆಗಳಲ್ಲಿ ಬದಲಾವಣೆ ಕಾಣಲಿಲ್ಲ.

ಇದು ನಮ್ಮಂಥದ್ದೇ ಶಾಲೆಗಳಲ್ಲಿ, ನಮ್ಮಂಥದ್ದೇ ಮಕ್ಕಳ ನಡುವೆ ಸಿಕ್ಕಿದ ಫಲಿತಾಂಶ. ನಮ್ಮಲ್ಲಿ ನಡೆಯುವುದೇನು? ಆಯುಷ್ಮಾನ್ ಭಾರತದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳೆಂದು ಹೆಸರಿಸುತ್ತಾರೆ. ಅದರ 11 ವಿಷಯಗಳಲ್ಲಿ ಭಾವನಾತ್ಮಕ ಆರೋಗ್ಯವೂ ಒಂದು. ಆಲೋಚನೆ ಒಳ್ಳೆಯದು. ಆದರೆ ಆ ಇಬ್ಬರ ಉಳಿದ ಕೆಲಸ ಕಡಿಮೆ ಮಾಡದಿದ್ದರೆ ನಳಂದಾದ ಎರಡನೆಯ ಗುಂಪಿಗಾದದ್ದೇ ಇಲ್ಲಿಯೂ ಆಗುತ್ತದೆ. ಮುಖ್ಯೋಪಾಧ್ಯಾಯರ ಕೈಯಲ್ಲಿರುವುದು ಇಷ್ಟು: ಅವರಿಗೆ ವಾರಕ್ಕೆ ನಾಲ್ಕು ಪೀರಿಯಡ್ ಬಿಡುವು ಕೊಟ್ಟು, ಕೂತು ಮಾತನಾಡಲು ಬಾಗಿಲಿರುವ ಒಂದು ಜಾಗ ಮಾಡಿಕೊಡುವುದು. ನಿಮ್ಹಾನ್ಸ್ ಶಾಲಾ ಶಿಕ್ಷಕರಿಗೆಂದು ಜೀವನ ಕೌಶಲ ಶಿಕ್ಷಣದ ಮಾದರಿ ರೂಪಿಸಿದೆ. ತರಬೇತಿಗೆ ಕಳುಹಿಸುವುದಾದರೆ ಅಲ್ಲಿಂದ ಆರಂಭಿಸಿ.

ನಾನಾಗಿದ್ದರೆ

ಸರ್ಕಾರಿ ಪ್ರೌಢಶಾಲೆ, 250 ಮಕ್ಕಳು, ಎಂಟು ಶಿಕ್ಷಕರು, ಬಿಡಿಗಾಸಿಲ್ಲ ಎಂದರೆ: ಬೆಳಗಿನ ಐದು ನಿಮಿಷ, ಶನಿವಾರದ ಕತೆಯ ಪೀರಿಯಡ್, ಚೀಟಿಯ ಪೆಟ್ಟಿಗೆ. ಪೆಟ್ಟಿಗೆಯ ಕೀಲಿ ಮುಖ್ಯೋಪಾಧ್ಯಾಯರ ಬಳಿ ಇರಬಾರದು, ಮಕ್ಕಳೇ ಆರಿಸಿದ ಶಿಕ್ಷಕರ ಬಳಿ ಇರಲಿ. ಹಣವಿರುವ ಖಾಸಗಿ ಶಾಲೆಯಾದರೆ ವಿದೇಶಿ ಪಠ್ಯಕ್ರಮಕ್ಕೆ ಕೊಡುವ ಮೊತ್ತದಲ್ಲಿ ಪೂರ್ಣಾವಧಿಯ ಆಪ್ತಸಮಾಲೋಚಕರೊಬ್ಬರನ್ನು ನೇಮಿಸಿ, ಉಳಿದದ್ದು ಶಿಕ್ಷಕರ ತರಬೇತಿಗೆ. ವಸತಿ ಶಾಲೆಗಳಿಗೆ ಇನ್ನೊಂದು ಅನುಕೂಲವಿದೆ, ಸಂಜೆ. ರಿಷಿ ವ್ಯಾಲಿ ಶಾಲೆಯಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಮಕ್ಕಳು ಬೆಟ್ಟದ ಕಡೆ ಮುಖ ಮಾಡಿ ಸುಮ್ಮನೆ ಕೂರುವ ‘ಅಸ್ತಾಚಲ’ ಎಂಬ ರೂಢಿ ಇದೆ. ಮೊರಾರ್ಜಿ ದೇಸಾಯಿ ಶಾಲೆಗಳಿಗೂ ಕಿತ್ತೂರು ರಾಣಿ ಚೆನ್ನಮ್ಮ ಶಾಲೆಗಳಿಗೂ ಬಯಲಿದೆ, ಪಡುವಣ ದಿಕ್ಕಿದೆ, ಮನೆಯ ನೆನಪು ಹೆಚ್ಚಾಗುವ ಆ ಹೊತ್ತೂ ಇದೆ. ಮಕ್ಕಳ ಜೊತೆ ನಿಲಯಪಾಲಕರೂ ಕೂರಲಿ.

ಶಿಕ್ಷೆಯ ಜಾಗದಲ್ಲೂ ಒಂದು ಪ್ರಯೋಗಕ್ಕೆ ಎಡೆಯಿದೆ. ಬಾಲ್ಟಿಮೋರ್ ನಗರದ ರಾಬರ್ಟ್ ಕೋಲ್ಮನ್ ಪ್ರಾಥಮಿಕ ಶಾಲೆಯಲ್ಲಿ, ತಪ್ಪು ಮಾಡಿದ ಮಕ್ಕಳನ್ನು ತಡೆಹಿಡಿದು ಕೂರಿಸುವ ಬದಲು ಶಾಂತವಾದ ಕೊಠಡಿಯೊಂದಕ್ಕೆ ಕಳುಹಿಸಿ, ಉಸಿರಾಟ ಮಾಡಿಸಿ, ಆದದ್ದನ್ನು ಮಾತನಾಡಿಸುತ್ತಿದ್ದರು. ತರಗತಿಯ ಹೊರಗೆ ಮೊಣಕಾಲೂರಿ ನಿಂತ ಹುಡುಗರನ್ನು ನಾನು ಕಂಡಿದ್ದೇನೆ, ನಾನೇ ನಿಲ್ಲಿಸಿದ್ದೂ ಇದೆ. ಆ ಹತ್ತು ನಿಮಿಷದಲ್ಲಿ ಅವರು ಕಲಿತದ್ದು ಸಿಟ್ಟನ್ನು ಮಾತ್ರ, ಅದಕ್ಕಾಗಿ ಇಂದಿಗೂ ನೋಯುತ್ತೇನೆ. ಗ್ರಂಥಾಲಯದ ಮೂಲೆಯಲ್ಲಿ ಚಾಪೆ, ಒಂದು ಹೂಜಿ ನೀರು ಇಟ್ಟರೆ ಅಂಥ ಕೊಠಡಿ ಆಗುತ್ತದೆ.

ಯಾವುದನ್ನೇ ಆರಿಸಿ, ಮೊದಲು ಒಂದು ವಿಭಾಗದಲ್ಲಿ ಎಂಟು ವಾರ ನಡೆಸಿ ನೋಡಿ. ತಲೆನೋವು, ಹೊಟ್ಟೆನೋವು ಎಂದು ಮನೆಗೆ ಹೋಗುವವರ ಸಂಖ್ಯೆ, ಜಗಳ, ಸೋಮವಾರದ ಗೈರುಹಾಜರಿ ಇವನ್ನು ಬರೆದಿಡಿ. ಎಂಟನೆಯ ವಾರ ಹೆಸರಿಲ್ಲದ ಚೀಟಿಯಲ್ಲಿ ಮಕ್ಕಳನ್ನೇ ಕೇಳಿ: ಮುಂದುವರಿಸಬೇಕೇ? ಬೇಡವೆಂದರೆ ನಿಲ್ಲಿಸಿ.

ಇದಕ್ಕೂ ಮುಂಚೆ, ನಾಳೆಯೇ ಮಾಡಬಹುದಾದ ಒಂದು ಕೆಲಸವಿದೆ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೂ ಮಾತನಾಡುತ್ತಾರೆ. ಮಕ್ಕಳ ಸಹಾಯವಾಣಿ 1098. ಈ ಎರಡು ಸಂಖ್ಯೆಗಳನ್ನು ಬಹುತೇಕ ಶಾಲೆಗಳು ಕಚೇರಿಯ ಮುಂದಿನ ಫಲಕದಲ್ಲಿ, ಎಲ್ಲರ ಕಣ್ಣೆದುರು ಬರೆಸಿರುತ್ತವೆ. ಅಲ್ಲಿ ನಿಂತು ಬರೆದುಕೊಳ್ಳುವ ಧೈರ್ಯ ಯಾವ ಮಗುವಿಗಿದೆ? ಶೌಚಾಲಯದ ಬಾಗಿಲುಗಳ ಒಳಬದಿಯಲ್ಲಿ ಬರೆಸಿ. ಹುಡುಗರದ್ದರಲ್ಲೂ, ಹುಡುಗಿಯರದ್ದರಲ್ಲೂ.